ಮುಳುಗಿ ಎದ್ದ ಗಡಿಯಾರಗಳು

ಮಳೆಗಾಲದ ಒಂದು ಸಂಜೆ ನನ್ನ ಮಿತ್ರರೊಬ್ಬರು ಮನೆಗೆ ಬಂದು, ಕಾಫಿಯ ಲೋಟ ಕೆಳಗಿಡುವ ಮೊದಲೇ ಜೇಬಿನಿಂದ ಒಂದು ಕೈಗಡಿಯಾರವನ್ನು ತೆಗೆದು ನನ್ನ ಅಂಗೈಯಲ್ಲಿಟ್ಟರು. ಕಪ್ಪು ಮುಖ, ದಪ್ಪನೆಯ ಮುಳ್ಳುಗಳು, ಸುತ್ತಲೂ ತಿರುಗುವ ಅಂಕಿಯ ಬಳೆ. ಅರವತ್ತು ವರ್ಷದ ಹಿಂದಿನ ಸ್ವಿಸ್ ಗಡಿಯಾರ, ಸಮುದ್ರದಲ್ಲಿ ಮುಳುಗುವವರಿಗಾಗಿಯೇ ಮಾಡಿದ್ದು, ಯಾರ ಕೈಯೂ ತಾಗದ ಅಸಲಿ ಮಾಲು ಎಂದು ಮಾರಿದವನು ಹೇಳಿದನಂತೆ. ಮಿತ್ರರ ಮಗ ಮುರ್ಡೇಶ್ವರದಿಂದ ಸುಮಾರು 19 ಕಿಲೋಮೀಟರ್ ದೂರದ ನೇತ್ರಾಣಿ ದ್ವೀಪಕ್ಕೆ ಹೋಗಿ, ಗಾಳಿಯ ಸಿಲಿಂಡರನ್ನು ಬೆನ್ನಿಗೆ ಕಟ್ಟಿಕೊಂಡು ನೀರಿಗಿಳಿಯುವ ವಿದ್ಯೆ ಕಲಿಯುತ್ತಿದ್ದಾನೆ. ಹುಟ್ಟುಹಬ್ಬಕ್ಕೆ ಅವನ ಕೈಗೆ ಇದನ್ನು ಕಟ್ಟಬೇಕೆಂದು ತಂದೆಯ ಆಸೆ. “ದೀಪ ಆರಿಸಿ ನೋಡಿ” ಎಂದರು. ಆರಿಸಿದೆ. ಡಯಲ್ಲಿನ ಚುಕ್ಕೆಗಳೆಲ್ಲ ಮಿಂಚುಹುಳುಗಳಂತೆ ಹಸುರಾಗಿ ಬೆಳಗಿದವು. “ನೋಡಿದಿರಾ, ಅರವತ್ತು ವರ್ಷವಾದರೂ ಕಣ್ಣು ಮಂಜಾಗಿಲ್ಲ!” ಎಂದು ಹಿಗ್ಗಿದರು.

ಆ ಬೆಳಕನ್ನು ಕಂಡ ಕ್ಷಣವೇ ನನಗೆ ಸಂಶಯ ಹುಟ್ಟಿತು. ಅದನ್ನು ಕೂಡಲೇ ಹೇಳಿ ಅವರ ಸಂತೋಷ ಕೆಡಿಸಲು ಧೈರ್ಯವಾಗಲಿಲ್ಲ. “ನಾಳೆ ನಮ್ಮ ರಿಪೇರಿ ಯಜಮಾನರಿಗೆ ಒಮ್ಮೆ ತೋರಿಸೋಣ” ಎಂದಷ್ಟೇ ಅಂದೆ.

ಹಳೆಯ ವಸ್ತುಗಳನ್ನು ಕೂಡಿಹಾಕುವ ಹವ್ಯಾಸ ಈಗ ನಮ್ಮ ಪಟ್ಟಣಗಳಲ್ಲಿ ಬೆಳೆಯುತ್ತಿದೆ. ಹಳೆಯ ಕ್ಯಾಮೆರಾ, ಹಳೆಯ ರೇಡಿಯೋ, ಹಳೆಯ ಪೆನ್ನು, ಇವುಗಳಲ್ಲಿ ಮೋಸ ಹೋದರೆ ಹಣ ಹೋಯಿತು, ಅಷ್ಟೆ. ಮುಳುಗುಗಾರನ ಗಡಿಯಾರದ ಮಾತು ಹಾಗಲ್ಲ. ಅದನ್ನು ನಂಬಿ ನೀರಿಗಿಳಿದವನ ಉಸಿರಿನ ಲೆಕ್ಕ ಅದರ ಮುಳ್ಳಿನ ತುದಿಯಲ್ಲಿರುತ್ತದೆ. ಆದಕಾರಣ ಇಂಥದನ್ನು ಕೊಳ್ಳುವವರು ಏನೇನು ನೋಡಬೇಕೆಂಬುದರ ಜೊತೆಗೆ ಏಕೆ ನೋಡಬೇಕೆಂಬುದನ್ನೂ ಅರಿತಿರಬೇಕು. ಆ ‘ಏಕೆ’ಗೆ ಉತ್ತರ ಈ ಗಡಿಯಾರಗಳ ಚರಿತ್ರೆಯಲ್ಲಿದೆ. ಸ್ವಾರಸ್ಯವೆಂದರೆ, ಆ ಚರಿತ್ರೆಯ ಮೊದಲ ಪುಟದಲ್ಲೇ ಒಂದು ಸುಳ್ಳು ಇದೆ.

ಒಂದು ಸುಳ್ಳು, ಒಂದು ಈಜು

1927ರ ಅಕ್ಟೋಬರ್ 7ರಂದು ಮರ್ಸಿಡಿಸ್ ಗ್ಲೈಟ್ಸ್ ಎಂಬ ಲಂಡನ್ನಿನ ಬೆರಳಚ್ಚುಗಾರ್ತಿ ಇಂಗ್ಲಿಷ್ ಕಡಲ್ಗಾಲುವೆಯನ್ನು 15 ಗಂಟೆ 15 ನಿಮಿಷಗಳಲ್ಲಿ ಈಜಿ ದಾಟಿದಳು. ಆ ಸಾಹಸ ಮಾಡಿದ ಮೊದಲ ಬ್ರಿಟಿಷ್ ಮಹಿಳೆ ಅವಳೇ. ಜನರ ಜಯಘೋಷ ಅಡಗುವ ಮೊದಲೇ ಡೊರೊತಿ ಕಾಕ್ರೇನ್ ಲೋಗನ್ ಎಂಬ ವೈದ್ಯೆ, ತಾನು ಅದಕ್ಕಿಂತ ಬೇಗ ದಾಟಿದೆನೆಂದು ಸಾರಿದಳು. ಕೆಲವೇ ದಿನಗಳಲ್ಲಿ, ಅದೆಲ್ಲ ಕಟ್ಟುಕತೆ, ಇಂಥ ಈಜುಗಳಿಗೆ ಸರಿಯಾದ ಸಾಕ್ಷಿ ವ್ಯವಸ್ಥೆ ಇಲ್ಲವೆಂದು ತೋರಿಸಲು ಹಾಗೆ ಹೇಳಿದೆ ಎಂದು ತಾನೇ ಒಪ್ಪಿಕೊಂಡಳು. ಸುಳ್ಳು ಹೇಳಿದವಳಿಗೆ ದಂಡ ಬಿತ್ತು. ನಿಜವಾಗಿ ಈಜಿದವಳ ಮೇಲೆ ಸಂಶಯದ ನೆರಳು ಬಿತ್ತು. ಪಾಪ, ಗ್ಲೈಟ್ಸ್ ತನ್ನ ಮಾತು ನಿಜವೆಂದು ತೋರಿಸಲು ಅಕ್ಟೋಬರ್ 21ರಂದು ಮತ್ತೆ ನೀರಿಗಿಳಿಯಬೇಕಾಯಿತು.

ಆ ದಿನ ನೀರು ಹಿಮದಷ್ಟು ತಣ್ಣಗಿತ್ತು. 10 ಗಂಟೆಗೂ ಹೆಚ್ಚು ಕಾಲ ಹೋರಾಡಿದ ಮೇಲೆ ಅವಳನ್ನು ದೋಣಿಗೆ ಎಳೆದುಕೊಳ್ಳಬೇಕಾಯಿತು. ಕಾಲುವೆಯನ್ನು ಎರಡನೆಯ ಸಲ ದಾಟಲಾಗದಿದ್ದರೂ ಆ ಚಳಿಯಲ್ಲಿ ಅಷ್ಟು ಹೊತ್ತು ತಡೆದ ಹೆಣ್ಣುಮಗಳ ಮಾತನ್ನು ಯಾರೂ ಮತ್ತೆ ಅಲ್ಲಗಳೆಯಲಿಲ್ಲ. ಅವಳ ಕೊರಳಲ್ಲಿ ಒಂದು ಪುಟ್ಟ ಚಿನ್ನದ ಗಡಿಯಾರ ತೂಗುತ್ತಿತ್ತು. ಅದು ಸರಿಯಾಗಿ ನಡೆಯುತ್ತಲೇ ಇತ್ತು. ರೋಲೆಕ್ಸ್ ಸಂಸ್ಥೆಯ ಹಾನ್ಸ್ ವಿಲ್ಸ್‌ಡಾರ್ಫ್ 1926ರಲ್ಲಿ ಹೊರತಂದಿದ್ದ ‘ಆಯ್ಸ್ಟರ್’ ಎಂಬ ಮಾದರಿ ಅದು. ನವೆಂಬರ್ 24ರಂದು ‘ಡೈಲಿ ಮೇಲ್’ ಪತ್ರಿಕೆಯ ಮುಖಪುಟವನ್ನೇ ಕೊಂಡು ಆತ ಇದನ್ನು ಜಗತ್ತಿಗೆ ಸಾರಿದ.

ಆಯ್ಸ್ಟರ್ ಎಂದರೆ ಸಿಂಪಿ. ಹೆಸರಿನಲ್ಲೇ ಅದರ ಗುಟ್ಟು ಇದೆ. ಗಡಿಯಾರದೊಳಕ್ಕೆ ನೀರು ನುಗ್ಗಲು ಮೂರು ಬಾಗಿಲುಗಳುಂಟು: ಮುಂದಿನ ಗಾಜು, ಹಿಂದಿನ ಮುಚ್ಚಳ, ಪಕ್ಕದಲ್ಲಿ ಕೀ ಕೊಡುವ ಗುಂಡಿ. ತಿರುಪಿನ ಮುಚ್ಚಳದ ಶೀಸೆಯಂತೆ ಈ ಭಾಗಗಳನ್ನು ತಿರುಪು ಹಾಕಿ ಬಿಗಿಮಾಡಿದ್ದೇ ಆಯ್ಸ್ಟರಿನ ವಿಶೇಷ. ಇಂದಿಗೂ ಹಳೆಯ ಮುಳುಗು ಗಡಿಯಾರವನ್ನು ಪರೀಕ್ಷಿಸುವವನು ಈ ಮೂರು ಬಾಗಿಲುಗಳನ್ನೇ ತಟ್ಟಿ ನೋಡಬೇಕು. ಜೊತೆಗೆ ಆ ಮೊದಲ ಕತೆಯ ನೀತಿಯನ್ನೂ ಮರೆಯಬಾರದು: ಹೇಳುವವನ ಮಾತು ಬೇರೆ, ನೀರಿನ ಸಾಕ್ಷಿ ಬೇರೆ.

ಯುದ್ಧದಿಂದ ವಿಹಾರಕ್ಕೆ

ಈಜುವುದು ಬೇರೆ, ಮುಳುಗುವುದು ಬೇರೆ. ಆಳಕ್ಕೆ ಇಳಿಯುವವರ ಗಡಿಯಾರಕ್ಕೆ ಮೊದಲ ಗಿರಾಕಿಗಳಾದವರು ಸೈನಿಕರು. ಇಟಲಿಯ ನೌಕಾದಳಕ್ಕಾಗಿ ಫ್ಲಾರೆನ್ಸಿನ ಪನೆರಾಯ್ ಸಂಸ್ಥೆ 1936ರಿಂದ ದೊಡ್ಡ ಮುಖದ ಗಡಿಯಾರಗಳನ್ನು ಸಿದ್ಧಪಡಿಸತೊಡಗಿತು. ಅವುಗಳನ್ನು ಮಾಡಿಕೊಟ್ಟದ್ದು ರೋಲೆಕ್ಸ್. ಕತ್ತಲೆಯ ನೀರಿನಲ್ಲಿ ಹೊಳೆಯಲೆಂದು ರೇಡಿಯಂ ಬಳಿದಿದ್ದರಿಂದ ‘ರೇಡಿಯೋಮಿರ್’ ಎಂದು ಹೆಸರಾಯಿತು. ಆ ದಳದ ಮುಳುಗುಭಟರು ಎಂಥ ಕೆಲಸಕ್ಕೆ ಹೋಗುತ್ತಿದ್ದರೆಂಬುದಕ್ಕೆ ಒಂದು ನಿದರ್ಶನ ಸಾಕು. 1941ರ ಡಿಸೆಂಬರ್ 18ರ ರಾತ್ರಿ, ಆರು ಮಂದಿ ಇಟಾಲಿಯನ್ನರು ಮೂರು ಜಲಾಂತರ ಟಾರ್ಪೆಡೋಗಳ ಮೇಲೆ ಕುದುರೆ ಹತ್ತಿದಂತೆ ಕುಳಿತು ಅಲೆಗ್ಸಾಂಡ್ರಿಯಾ ಬಂದರನ್ನು ಹೊಕ್ಕರು. ಬೆಳಗಾಗುವಾಗ ಬ್ರಿಟನ್ನಿನ ‘ಕ್ವೀನ್ ಎಲಿಜಬೆತ್’ ಮತ್ತು ‘ವೇಲಿಯಂಟ್’ ಎಂಬ ಎರಡು ಮಹಾನೌಕೆಗಳು ಬಂದರಿನ ಕೆಸರಿನಲ್ಲಿ ಕುಳಿತಿದ್ದವು. ನಿಗದಿಯಾದ ಗಳಿಗೆಗೆ ಸಿಡಿಯುವ ಮದ್ದಿನ ಬಳಿ ಕೆಲಸಮಾಡುವವನಿಗೆ ಒಂದು ನಿಮಿಷದ ತಪ್ಪು ಎಂದರೆ ಏನೆಂದು ವಾಚಕರು ಊಹಿಸಿಕೊಳ್ಳಬಹುದು.

ಅದೇ ಯುದ್ಧದ ನಡುವೆ, 1943ರಲ್ಲಿ, ಫ್ರಾನ್ಸಿನ ನೌಕಾಧಿಕಾರಿ ಝಾಕ್ ಕೂಸ್ತೋ ಮತ್ತು ಎಂಜಿನಿಯರ್ ಎಮಿಲ್ ಗಾನ್ಯಾನ್ ಸೇರಿ ಅಕ್ವಾಲಂಗ್ ಎಂಬ ಉಸಿರಾಟದ ಸಾಧನವನ್ನು ರೂಪಿಸಿದರು. ಪೆಟ್ರೋಲು ಸಿಗದ ಕಾಲದಲ್ಲಿ ಮೋಟಾರುಗಳನ್ನು ಗ್ಯಾಸಿನಿಂದ ಓಡಿಸಲು ಮಾಡಿದ್ದ ಒಂದು ಕವಾಟವೇ ಅದಕ್ಕೆ ಮೂಲ. ನಮ್ಮ ಹಿರಿಯರು ಹತ್ತಿ ಇಳಿದ ಇದ್ದಿಲು ಬಸ್ಸುಗಳ ಕಾಲವದು. ಅಲ್ಲಿಯವರೆಗೆ ಸಾಮಾನ್ಯವಾಗಿ ಮುಳುಗುಗಾರನಿಗೆ ಮೇಲಿನ ಹಡಗಿನಿಂದ ಕೊಳವೆಯಲ್ಲಿ ಗಾಳಿ ಬರುತ್ತಿತ್ತು. ಕಾಲದ ಲೆಕ್ಕವನ್ನು ಮೇಲಿದ್ದವರು ಇಡುತ್ತಿದ್ದರು. ಈಗ ಗಾಳಿ ಅವನ ಬೆನ್ನಿನ ಮೇಲೆ, ಲೆಕ್ಕ ಅವನ ಕೈಯಲ್ಲಿ. ಆಳಕ್ಕೆ ಇಳಿದಷ್ಟೂ ಸಿಲಿಂಡರಿನ ಗಾಳಿ ಬೇಗ ಮುಗಿಯುತ್ತದೆ. 10 ಮೀಟರ್ ಆಳದಲ್ಲಿ ದಡಕ್ಕಿಂತ ಎರಡರಷ್ಟು ವೇಗ. ಹೆಚ್ಚು ಹೊತ್ತು ಇದ್ದು ಸರ್ರನೆ ಮೇಲೆ ಬಂದರೆ, ರಕ್ತದಲ್ಲಿ ಕರಗಿದ್ದ ಸಾರಜನಕ ಸೋಡಾ ಬಾಟಲಿಯ ಗುಳ್ಳೆಗಳಂತೆ ಎದ್ದು ಪ್ರಾಣಕ್ಕೇ ಕುತ್ತು. ಆದಕಾರಣ ಎಷ್ಟು ಹೊತ್ತಾಯಿತು ಎಂಬ ಒಂದೇ ಪ್ರಶ್ನೆಗೆ ಉತ್ತರ ತಪ್ಪದೆ ಸಿಗಬೇಕಾಯಿತು.

ಐವತ್ತು ಮಾರು ಆಳ

ಆ ಉತ್ತರ ಕೊಟ್ಟವರಲ್ಲಿ ಮುಂಚೂಣಿಯವನು ಬ್ಲಾಂಪೇನ್ ಎಂಬ ಹಳೆಯ ಸ್ವಿಸ್ ಸಂಸ್ಥೆಯನ್ನು ನಡೆಸುತ್ತಿದ್ದ ಝಾನ್ ಝಾಕ್ ಫಿಶ್ಟರ್. ಸ್ವತಃ ಮುಳುಗುವ ಹವ್ಯಾಸದವನು. ಫ್ರಾನ್ಸಿನ ದಕ್ಷಿಣ ಕರಾವಳಿಯಲ್ಲಿ ಒಮ್ಮೆ ಹೊತ್ತಿನ ಪರಿವೆಯಿಲ್ಲದೆ ಕೆಳಗೇ ಇದ್ದು, ಗಾಳಿ ಮುಗಿದು, ಜೀವ ಕೈಯಲ್ಲಿ ಹಿಡಿದು ಮೇಲೆ ಬಂದ. ಆ ಅನುಭವವೇ ಅವನಿಗೆ ಗುರುವಾಯಿತು. ಇದೇ ಸಮಯಕ್ಕೆ ಫ್ರೆಂಚ್ ಸೇನೆ 1952ರಲ್ಲಿ ಕಟ್ಟಿದ ಮುಳುಗುಭಟರ ದಳದ ಮಾಲೂಬಿಯೇ ಮತ್ತು ರಿಫೋ ಎಂಬ ಅಧಿಕಾರಿಗಳು ತಮಗೆ ತಕ್ಕ ಗಡಿಯಾರಕ್ಕಾಗಿ ಅಲೆಯುತ್ತಿದ್ದರು. ಕಪ್ಪು ಡಯಲ್, ದೊಡ್ಡ ಹೊಳೆಯುವ ಗುರುತುಗಳು, ತಿರುಗುವ ಬಳೆ, ಕಾಂತದ ಸೋಂಕು ತಾಗದ ಕವಚ, ಇವೆಲ್ಲ ಬೇಕೆಂದರು. 1953ರಲ್ಲಿ ಹೊರಬಂದ ಗಡಿಯಾರಕ್ಕೆ ‘ಫಿಫ್ಟಿ ಫ್ಯಾದಮ್ಸ್’ ಎಂದು ಹೆಸರಾಯಿತು. ಫ್ಯಾದಮ್ ಎಂದರೆ ಚಾಚಿದ ಎರಡು ತೋಳುಗಳ ಅಳತೆ. ನಮ್ಮ ಬಾವಿಯ ಹಗ್ಗವನ್ನು ಅಳೆಯುವ ‘ಮಾರು’ ಎಂಬುದೂ ಅದೇ. ಐವತ್ತು ಮಾರು, ಅಂದರೆ 300 ಅಡಿ, ಸುಮಾರು 91 ಮೀಟರ್.

ಆ ಆಳದಲ್ಲಿ ಗಡಿಯಾರ ಹೊರುವ ಭಾರವೆಷ್ಟು ಗೊತ್ತೆ? ಪ್ರತಿ 10 ಮೀಟರಿಗೆ ಚದರ ಸೆಂಟಿಮೀಟರಿನ ಮೇಲೆ ಸುಮಾರು ಒಂದು ಕಿಲೋ ಒತ್ತಡ ಏರುತ್ತದೆ. 3 ಸೆಂಟಿಮೀಟರ್ ಅಗಲದ ಗಾಜಿನ ಮೇಲೆ 90 ಮೀಟರಿನಲ್ಲಿ ಬೀಳುವ ಭಾರ 60 ಕಿಲೋಗೂ ಮಿಕ್ಕಿದ್ದು. ಒಬ್ಬ ಆಳು ಗಾಜಿನ ಮೇಲೆ ಹತ್ತಿ ನಿಂತಂತೆ. ಅರವತ್ತು ವರ್ಷದ ಹಳೆಯ ರಬ್ಬರ್ ವಾಷರನ್ನು ನಂಬಿ ಆ ಆಳನ್ನು ಹತ್ತಿಸುವ ಮುನ್ನ ಯೋಚಿಸಬೇಕು.

ತಿರುಗುವ ಬಳೆಯ ಕೆಲಸ ಸರಳ. ನೀರಿಗಿಳಿಯುವಾಗ ಅದರ ಸೊನ್ನೆಯ ಗುರುತನ್ನು ನಿಮಿಷದ ಮುಳ್ಳಿಗೆ ಎದುರಾಗಿ ತಿರುಗಿಸಿಡುವುದು. ಆಮೇಲೆ ಮುಳ್ಳು ಬಳೆಯ ಮೇಲೆ ತೋರಿಸುವ ಅಂಕಿಯೇ ಕಳೆದ ನಿಮಿಷಗಳು. ಬಂಡೆಗೆ ತಾಗಿ ಬಳೆ ತಾನಾಗಿ ಜಾರಿದರೆ ಲೆಕ್ಕ ತಪ್ಪುತ್ತದೆಂದು ಫಿಶ್ಟರ್ ಅದನ್ನು ಒತ್ತಿದರೆ ಮಾತ್ರ ತಿರುಗುವಂತೆ ಮಾಡಿದ. ಬಳೆಯನ್ನು ಒಂದೇ ಕಡೆಗೆ ತಿರುಗುವಂತೆ ಮಾಡುವ ಪದ್ಧತಿ ಎಲ್ಲೆಡೆ ಹರಡಿದ್ದು ಆಮೇಲೆ. ಆದ್ದರಿಂದ ಹಳೆಯದರಲ್ಲಿ ಬಳೆ ಎರಡು ಕಡೆಗೂ ತಿರುಗಿದರೆ ಅದನ್ನು ಕೆಟ್ಟಿದೆಯೆಂದು ತಿಳಿಯಬಾರದು.

ಮುಂದಿನ ಹದಿನೈದು ವರ್ಷ ಈ ಗಡಿಯಾರಗಳ ಸುಗ್ಗಿಯ ಕಾಲ. ರೋಲೆಕ್ಸಿನ ‘ಸಬ್‌ಮರೀನರ್’ 1954ರ ಬಾಸೆಲ್ ಮೇಳದಲ್ಲಿ ಕಾಣಿಸಿತು. ಕೂಸ್ತೋನ ‘ಮೌನ ಜಗತ್ತು’ ಚಲನಚಿತ್ರ 1956ರಲ್ಲಿ ಕ್ಯಾನ್ ಉತ್ಸವದ ಪರಮ ಪ್ರಶಸ್ತಿ ಪಡೆದು, ಕಡಲ ತಳವನ್ನು ಊರೂರಿಗೆ ತಂದಿತು. 1957ರಲ್ಲಿ ಓಮೆಗಾದ ‘ಸೀಮಾಸ್ಟರ್ 300’, 1965ರಲ್ಲಿ 150 ಮೀಟರ್ ತಾಳುವ ಜಪಾನಿನ ಸೈಕೋ, 1967ರಲ್ಲಿ ಕಿತ್ತಳೆ ಬಣ್ಣದ ಡಯಲ್ಲಿನ ಡೋಕ್ಸಾ, ಹೀಗೆ ಒಂದರ ಹಿಂದೆ ಒಂದು. ಈ ವರ್ಷಗಳನ್ನು ನೆನಪಿಡುವುದು ಪರೀಕ್ಷೆಗೆ ಓದುವ ಹುಡುಗರಿಗಷ್ಟೇ ಬೇಕಾದ ಕೆಲಸವಲ್ಲ. ಉದಾಹರಣೆಗೆ, ಸಬ್‌ಮರೀನರಿನ ಕೀ ಕೊಡುವ ಗುಂಡಿಯ ಇಕ್ಕೆಲಗಳಲ್ಲಿ ಕಾಣುವ ಲೋಹದ ಭುಜಗಳು ಬಂದದ್ದು 1959ರಲ್ಲಿ. ಭುಜವುಳ್ಳ ಗಡಿಯಾರವನ್ನು 1955ರದೆಂದು ಯಾರಾದರೂ ಹೇಳಿದರೆ, ಅಲ್ಲಿಂದ ಮೆಲ್ಲಗೆ ಎದ್ದುಬರುವುದೇ ಲೇಸು. ಸೈಕೋ ಗಡಿಯಾರಗಳಲ್ಲಂತೂ ಹಿಂಬದಿಯ ಕ್ರಮಸಂಖ್ಯೆಯ ಮೊದಲ ಅಂಕಿ ವರ್ಷದ ಕೊನೆಯ ಅಂಕಿ, ಎರಡನೆಯದು ತಿಂಗಳು. ದಶಕವನ್ನು ಮಾದರಿಯ ಸಂಖ್ಯೆಯಿಂದ ತಿಳಿಯಬೇಕು.

ಬೆಳಕಿನ ಬೆಲೆ

ಈಗ ಮಿತ್ರರ ಗಡಿಯಾರದ ಹಸಿರು ಬೆಳಕಿನ ಮಾತಿಗೆ ಬರೋಣ. ಇದು ಗಡಿಯಾರದ ಚರಿತ್ರೆಯಲ್ಲಿ ಕಣ್ಣೀರಿನ ಅಧ್ಯಾಯ.

ಕ್ಯೂರಿ ದಂಪತಿಗಳು 1898ರಲ್ಲಿ ಕಂಡುಹಿಡಿದ ರೇಡಿಯಂ ಧಾತುವನ್ನು ಸತುವಿನ ಗಂಧಕದೊಡನೆ ಬೆರೆಸಿದರೆ ಸದಾ ಹೊಳೆಯುವ ಬಣ್ಣವಾಗುತ್ತದೆ. ಒಂದನೆಯ ಮಹಾಯುದ್ಧದ ಕಾಲದಿಂದ ಅಮೆರಿಕದ ನ್ಯೂ ಜರ್ಸಿಯ ಕಾರ್ಖಾನೆಯೊಂದರಲ್ಲಿ ಹರೆಯದ ಹುಡುಗಿಯರು ಈ ಬಣ್ಣವನ್ನು ಡಯಲ್‌ಗಳಿಗೆ ತುಂಬುತ್ತಿದ್ದರು. ಕುಂಚದ ತುದಿ ಚೂಪಾಗಲೆಂದು ಅದನ್ನು ತುಟಿಗಳ ನಡುವೆ ಒತ್ತುವಂತೆ ಅವರಿಗೆ ಕಲಿಸಲಾಗಿತ್ತು. ವರ್ಷಗಳು ಕಳೆದಂತೆ ದವಡೆ ಕೊಳೆಯಿತು, ಮೂಳೆ ಮುರಿಯಿತು, ಹಲವರು ಸತ್ತರು. ಗ್ರೇಸ್ ಫ್ರೈಯರ್ ಮೊದಲಾದ ಐವರು ನ್ಯಾಯಾಲಯದ ಮೆಟ್ಟಿಲು ಹತ್ತಿದರು, 1928ರಲ್ಲಿ ರಾಜಿಯಾಯಿತು. ಕಾರ್ಮಿಕರ ಆರೋಗ್ಯದ ಕಾನೂನುಗಳ ಇತಿಹಾಸದಲ್ಲಿ ಆ ಹುಡುಗಿಯರ ಹೆಸರು ಅಳಿಯದೆ ನಿಂತಿದೆ. ಆದರೂ ಗಡಿಯಾರಗಳಲ್ಲಿ ರೇಡಿಯಂ ಬಳಕೆ 1960ರ ಆಸುಪಾಸಿನವರೆಗೆ ನಡೆದೇ ಇತ್ತು.

ರೇಡಿಯಂ ಅರ್ಧಕ್ಕೆ ಇಳಿಯಲು ಸುಮಾರು 1,600 ವರ್ಷ ಬೇಕು. ಹಳೆಯ ಡಯಲ್ಲಿನಲ್ಲಿ ಹೊಳಪು ಸತ್ತಿರುವುದಕ್ಕೆ ಕಾರಣ, ಅದರ ಏಟು ತಿಂದು ಬೆರಕೆಯ ಪುಡಿ ಸವೆದಿರುವುದು. ರೇಡಿಯಂ ಮಾತ್ರ ಅಂದಿನಂತೆಯೇ ಇದೆ. ಆದ್ದರಿಂದ 1950ರ ದಶಕದ ಗಡಿಯಾರವನ್ನು ಮನೆಯಲ್ಲಿ ಬಿಚ್ಚಿ ಕೆರೆಯುವುದು, ಆ ಪುಡಿಯನ್ನು ಉಸಿರಾಡುವುದು ಎಂದಿಗೂ ಕೂಡದು. ಮಕ್ಕಳಿರುವ ಮನೆಯಲ್ಲಿ ಈ ಎಚ್ಚರ ಇಮ್ಮಡಿಯಾಗಬೇಕು.

ರೇಡಿಯಂ ಬದಲು ಬಂದದ್ದು ಟ್ರಿಟಿಯಂ. ಇದರ ಕಿರಣ ಗಾಜನ್ನೂ ದಾಟದಷ್ಟು ದುರ್ಬಲ. ಟ್ರಿಟಿಯಂ ಬಳಸಿದ ಸ್ವಿಸ್ ಡಯಲ್‌ಗಳಲ್ಲಿ, ಕೆಳ ಅಂಚಿನ ‘ಸ್ವಿಸ್’ ಎಂಬ ಮಾತಿನ ಆಚೆ ಈಚೆ ‘ಟಿ’ ಎಂಬ ಪುಟ್ಟ ಅಕ್ಷರವನ್ನು ಅಚ್ಚುಮಾಡುವ ರೂಢಿ ಬಂತು. ಬ್ಲಾಂಪೇನ್ ಸಂಸ್ಥೆ ಕೆಲವು ಡಯಲ್‌ಗಳ ಮೇಲೆ, ತನ್ನಲ್ಲಿ ರೇಡಿಯಂ ಇಲ್ಲವೆಂದು ತಿಳಿಸಲು, ವಿಕಿರಣದ ಚಿಹ್ನೆಯನ್ನೇ ಗೀಟು ಹೊಡೆದು ಅಚ್ಚುಹಾಕಿತು. ಟ್ರಿಟಿಯಂ ಆಯುಸ್ಸು ಅಲ್ಪ: 12 ವರ್ಷಕ್ಕೆ ಚಿಲ್ಲರೆ ಹೆಚ್ಚಾಗಿ ಅರ್ಧಕ್ಕೆ ಇಳಿಯುತ್ತದೆ. ಅರವತ್ತು ವರ್ಷವಾಗುವಾಗ ಐದು ಸಲ ಅರ್ಧವಾಗಿ, ಮೂವತ್ತೆರಡರಲ್ಲಿ ಒಂದು ಪಾಲು ಉಳಿದಿರುತ್ತದೆ. ಅಂಥ ಬಣ್ಣ ಕತ್ತಲಲ್ಲಿ ಬೆಳಗುವುದಿಲ್ಲ; ಹಗಲಲ್ಲಿ ಹಳೆಯ ದಂತದಂತೆ, ಕಾಸಿದ ಬೆಣ್ಣೆಯಂತೆ ಹಳದಿಗಟ್ಟಿರುತ್ತದೆ. ದೀಪಕ್ಕೆ ಹಿಡಿದು ಆರಿಸಿದರೂ ಗಂಟೆಗಟ್ಟಲೆ ಹಸುರಾಗಿ ಹೊಳೆಯುವುದು ಲ್ಯೂಮಿನೋವಾ ಎಂಬ ನಿರಪಾಯದ ಬಣ್ಣ. ಅದನ್ನು ಜಪಾನಿನ ನೆಮೋಟೊ ಸಂಸ್ಥೆ ಕಂಡುಹಿಡಿದದ್ದು 1993ರಲ್ಲಿ.

ಮಿತ್ರರ ಗಡಿಯಾರದ ಡಯಲ್ಲಿನ ಕೆಳಗೆ ಎರಡು ‘ಟಿ’ ಅಕ್ಷರಗಳಿದ್ದವು. ಮೇಲೆ ಮಿಂಚುಹುಳುಗಳ ಹಸಿರು ಬೆಳಕು. ಎರಡೂ ಏಕಕಾಲಕ್ಕೆ ನಿಜವಾಗಿರಲು ಸಾಧ್ಯವಿಲ್ಲ. ಅಜ್ಜನ ಜನ್ಮಪತ್ರಿಕೆ, ಮೊಮ್ಮಗನ ಕಣ್ಣು.

ನಮ್ಮ ಬಣ್ಣಗಾರರು

ಹಾಗೆಂದು ಡಯಲ್ಲಿಗೆ ಹೊಸ ಬಣ್ಣ ಹಾಕಿದವರನ್ನೆಲ್ಲ ಮೋಸಗಾರರೆನ್ನುವುದು ಅನ್ಯಾಯ. ನಮ್ಮ ದೇಶದಲ್ಲಿ ವಿದೇಶಿ ವಸ್ತುಗಳ ಆಮದಿಗೆ ಕಟ್ಟುಪಾಡು ಇದ್ದ ಕಾಲದಲ್ಲಿ ಒಂದು ಒಳ್ಳೆಯ ಗಡಿಯಾರ ಎಂದರೆ ಮದುವೆಯ ಉಡುಗೊರೆ, ತಂದೆಯಿಂದ ಮಗನಿಗೆ ಬರುವ ಆಸ್ತಿ. 1961ರಲ್ಲಿ ಬೆಂಗಳೂರಿನ ಎಚ್‌ಎಂಟಿ ಜಪಾನಿನ ಸಿಟಿಜನ್ ಸಂಸ್ಥೆಯ ನೆರವಿನಿಂದ ಗಡಿಯಾರ ಮಾಡತೊಡಗಿದ ಮೇಲೂ ಬಹುಕಾಲ ಹಾಗೆಯೇ ಇತ್ತು. ಬೆವರಿಗೆ, ಮಳೆಗೆ ಡಯಲ್ ಕಪ್ಪಿಟ್ಟರೆ ಬಣ್ಣಗಾರನು ಅದನ್ನು ಅಳಿಸಿ, ಹೊಸದಾಗಿ ಬಳಿದು, ಅಕ್ಷರ ಅಚ್ಚುಹಾಕಿ ಕೊಡುತ್ತಿದ್ದ. ಅದು ಕೊಡೆಗೆ ಬಟ್ಟೆ ಹಾಕಿಸಿದಂತೆ, ಪಾತ್ರೆಗೆ ಕಲಾಯಿ ಮಾಡಿಸಿದಂತೆ ಒಂದು ಸಂಸಾರದ ಖರ್ಚು. ಅದೇ ಡಯಲ್ಲನ್ನು ‘ಯಾರ ಕೈಯೂ ತಾಗದ್ದು’ ಎಂದು ಹೇಳಿ ಮಾರಿದಾಗ ಮಾತ್ರ ಅದು ಸುಳ್ಳಾಗುತ್ತದೆ.

ಫಾವ್ರ್ ಲೂಬಾ ಎಂಬ ಹೆಸರು ನಮ್ಮ ಹಿರಿಯರಿಗೆ ಚಿರಪರಿಚಿತ. ಈ ಸ್ವಿಸ್ ಸಂಸ್ಥೆ 19ನೆಯ ಶತಮಾನದಲ್ಲೇ ಮುಂಬಯಿಗೆ ಬಂದು ನೆಲೆಯೂರಿತ್ತು. 2011ರಲ್ಲಿ ಬೆಂಗಳೂರಿನ ಟೈಟಾನ್ ಸಂಸ್ಥೆ ಅದರ ಹೆಸರನ್ನು ಕೊಂಡುಕೊಂಡು ಕೆಲವು ವರ್ಷ ನಡೆಸಿತು. ಅದರ ‘ಸೀ ಕಿಂಗ್’, ‘ಸೀ ಚೀಫ್’ ಗಡಿಯಾರಗಳು ಎಷ್ಟೋ ಮನೆಗಳ ಪೆಟ್ಟಿಗೆಯಲ್ಲಿ ಇಂದಿಗೂ ಇವೆ. ಹೆಸರಿನಲ್ಲಿ ಸಮುದ್ರವಿದೆಯೆಂದು ಅವನ್ನು ಮುಳುಗು ಗಡಿಯಾರವೆಂದು ಭ್ರಮಿಸಬಾರದು. ಅವು ಕಚೇರಿಗೆ ಕಟ್ಟಿಕೊಂಡು ಹೋಗುವ ಸಾಧು ಗಡಿಯಾರಗಳು. ಅದೇ ಸಂಸ್ಥೆ 1960ರ ದಶಕದಲ್ಲಿ ಮಾಡಿದ ‘ಡೀಪ್ ಬ್ಲೂ’, ನೀರಿನ ಆಳವನ್ನೇ ಮುಳ್ಳಿನಿಂದ ತೋರಿಸುವ ‘ಬ್ಯಾಥಿ’, ಇವು ನಿಜವಾದ ಮುಳುಗು ಗಡಿಯಾರಗಳು. ಹೆಸರು ನೋಡಿ ಮರುಳಾಗಬಾರದೆಂಬುದಕ್ಕೆ ಒಂದೇ ಮನೆಯ ಈ ಅಣ್ಣತಮ್ಮಂದಿರೇ ಸಾಕ್ಷಿ.

ಯಜಮಾನರ ಮೇಜಿನ ಮೇಲೆ

ಮರುದಿನ ಯಜಮಾನರು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಕುಳಿತರು. ಐವತ್ತು ವರ್ಷದ ಕಸುಬು ಅವರದು. ಮೊದಲು ಮುಟ್ಟಲೇ ಇಲ್ಲ, ಬರಿದೆ ನೋಡಿದರು. ಡಯಲ್ಲಿನ ಬಣ್ಣ, ಮುಳ್ಳಿನ ಬಣ್ಣ ಒಂದೇ ವಯಸ್ಸಿನವೇ? ಅಕ್ಷರದ ಅಂಚು ಚೂಪಾಗಿದೆಯೇ, ಶಾಯಿ ಹರಡಿದೆಯೇ? ಹೊಳೆಯುವ ಬಣ್ಣ ಚುಕ್ಕೆಯ ಗಡಿ ದಾಟಿದೆಯೇ? ನಿಮಿಷದ ಗೆರೆಗಳು ಗುರುತುಗಳಿಗೆ ನೇರವಾಗಿವೆಯೇ? “ಹಳೇ ಕಾಲದ ಅಚ್ಚು ಹೀಗೆ ದಪ್ಪ ಇರೋದಿಲ್ಲ ಸ್ವಾಮಿ. ಡಯಲ್ ಹೊಸದಾಗಿ ಬರೆಸಿದ್ದು” ಎಂದರು.

ಆಮೇಲೆ ಮೈಯನ್ನು ನೋಡಿದರು. ಕಾರ್ಖಾನೆಯಿಂದ ಬಂದ ಕವಚಕ್ಕೆ ಚೂಪಾದ ಏಣುಗಳಿರುತ್ತವೆ, ಪಟ್ಟಿ ಸೇರುವ ಕೊಂಬುಗಳು ಎರಡು ಕಡೆಯೂ ಸಮ ಇರುತ್ತವೆ. ಹೊಸದರಂತೆ ಕಾಣಲೆಂದು ಯಂತ್ರಕ್ಕೆ ಹಿಡಿದು ಪಾಲಿಷ್ ಮಾಡಿದರೆ ಏಣು ಕರಗಿ ಸಾಬೂನಿನ ಬಿಲ್ಲೆಯಂತಾಗುತ್ತದೆ, ಕೊರೆದ ಸಂಖ್ಯೆ ಸವೆಯುತ್ತದೆ. ಗೀರುಗಳಿರುವ ಮೈ ಮೇಲು. ಅದು ಬಾಳಿದ್ದರ ಗುರುತು. ಹೋದ ಲೋಹ ಮರಳಿ ಬರುವುದಿಲ್ಲ. ಪ್ಲಾಸ್ಟಿಕ್ ಗಾಜಿನ ಮೇಲಿನ ಗೀರಿಗೆ ಹೆದರಬೇಕಾಗಿಲ್ಲ, ಉಜ್ಜಿದರೆ ಹೋಗುತ್ತದೆ. ಅಂಚಿನಲ್ಲಿ ಕೂದಲೆಳೆಯಂಥ ಬಿರುಕು ಇದ್ದರೆ ಮಾತ್ರ ಬದಲಿಸಲೇಬೇಕು.

ಹಿಂದಿನ ಮುಚ್ಚಳ ಬಿಚ್ಚಿದಾಗ ನಿಜವಾದ ಕತೆ ಹೊರಬಂತು. ರಬ್ಬರ್ ವಾಷರು ಡಾಂಬರಿನಂತೆ ಕರಗಿ ಅಂಟಿತ್ತು. ಅದು ಕೂರುವ ಕಾಲುವೆಯಲ್ಲಿ ಉಪ್ಪುನೀರು ತಿಂದ ಗುಳಿಗಳು; ಗುಳಿಯಿದ್ದಲ್ಲಿ ಹೊಸ ವಾಷರು ಹಾಕಿದರೂ ನೀರು ತಡೆಯುವುದಿಲ್ಲ. ಕೀ ಕೊಡುವ ಗುಂಡಿಯ ತಿರುಪು ಸವೆದು, ಕೊನೆಯವರೆಗೆ ಬಿಗಿಯಾಗುತ್ತಿರಲಿಲ್ಲ. ಒಳಗಿನ ಮೆಷಿನ್ ಮಾತ್ರ ಅಸಲಿ. ಮುಚ್ಚಳದ ಒಳಗಿನ ಸಂಖ್ಯೆಗೂ ಅದಕ್ಕೂ ಹೊಂದಿಕೆ ಇತ್ತು. ಒಂದೆರಡು ತಿರುಪುಗಳಲ್ಲಿ ತುಕ್ಕಿನ ಕಲೆ. ಕೆಲವು ಗಡಿಯಾರಗಳಲ್ಲಿ ಮೈ ಒಂದರದು, ಮೆಷಿನ್ ಇನ್ನೊಂದರದು, ಮುಳ್ಳು ಮತ್ತೊಂದರದು ಇರುತ್ತದೆ. ಇಂಥವನ್ನು ಯಜಮಾನರು ‘ಕೌದಿ’ ಎನ್ನುತ್ತಾರೆ. ಕೌದಿ ಚಳಿಗೆ ಒಳ್ಳೆಯದೇ. ರೇಷ್ಮೆ ಸೀರೆಯ ಬೆಲೆಗೆ ಕೊಳ್ಳಬಾರದು, ಅಷ್ಟೆ.

ಕಿವಿಗೆ ಬದಲಾಗಿ ಈಗ ಅವರ ಬಳಿ ಟಿಕ್ ಟಿಕ್ ಸದ್ದನ್ನು ಕೇಳಿ ಗೆರೆ ಬರೆಯುವ ಪುಟ್ಟ ಯಂತ್ರವಿದೆ. ದಿನಕ್ಕೆ ಎಷ್ಟು ಸೆಕೆಂಡು ಹಿಂದು ಮುಂದು, ಬ್ಯಾಲೆನ್ಸ್ ಚಕ್ರ ಎಷ್ಟು ಅಗಲಕ್ಕೆ ತೂಗುತ್ತಿದೆ, ಎಲ್ಲವನ್ನೂ ಅದು ಹೇಳುತ್ತದೆ. ಪೂರ್ತಿ ಕೀ ಕೊಟ್ಟ ಒಳ್ಳೆಯ ಮೆಷಿನ್ನಿನ ಚಕ್ರ 270 ಡಿಗ್ರಿಗೂ ಮೇಲೆ ತೂಗಬೇಕು. 200ರ ಹತ್ತಿರ ಬಂದರೆ ಎಣ್ಣೆ ಒಣಗಿದೆ, ಕೂಡಲೇ ಸರ್ವಿಸ್ ಆಗಬೇಕು. ಮಿತ್ರರದು 240 ತೋರಿಸಿತು. “ಎದೆ ಗಟ್ಟಿ ಇದೆ” ಎಂದರು ಯಜಮಾನರು.

ಕೊನೆಗೆ ಹೊಸ ವಾಷರು ಹಾಕಿ ನೀರಿನ ಪರೀಕ್ಷೆ. ಗಾಜಿನ ಕೊಳವೆಯೊಳಗೆ ನೀರಿನ ಮೇಲ್ಗಡೆ ಗಡಿಯಾರವನ್ನು ತೂಗುಹಾಕಿ, ಗಾಳಿಯ ಒತ್ತಡ ಏರಿಸಿ, ಸ್ವಲ್ಪ ಹೊತ್ತು ಬಿಟ್ಟರು. ಸಂದು ಇದ್ದರೆ ಅಷ್ಟರಲ್ಲಿ ಗಾಳಿ ಒಳಹೊಕ್ಕಿರುತ್ತದೆ. ಆಮೇಲೆ ಗಡಿಯಾರವನ್ನು ನೀರಿಗಿಳಿಸಿ ಒತ್ತಡವನ್ನು ಮೆಲ್ಲಗೆ ಬಿಟ್ಟರು. ಸೈಕಲ್ ಟ್ಯೂಬಿನ ತೂತನ್ನು ಬೋಗುಣಿಯ ನೀರಿನಲ್ಲಿ ಹುಡುಕುವ ಉಪಾಯವೇ ಇದು. ಗುಂಡಿಯ ಬುಡದಿಂದ, ಮುಚ್ಚಳದ ಅಂಚಿನಿಂದ ಗುಳ್ಳೆಗಳು ಮಣಿಸರದಂತೆ ಎದ್ದವು. ಒಳಗೆ ನೀರು ನುಗ್ಗುವ ಮೊದಲೇ ಅದನ್ನು ಮೇಲಕ್ಕೆತ್ತಿದರು.

ಬ್ಲಾಂಪೇನಿನವರು 1950ರ ದಶಕದ ಕೊನೆಯ ವೇಳೆಗೆ ಕೆಲವು ಗಡಿಯಾರಗಳ ಡಯಲ್ಲಿನ ಮೇಲೆ ಒಂದು ಪುಟ್ಟ ಚುಕ್ಕೆ ಇಟ್ಟಿದ್ದರು. ಒಳಗೆ ತೇವ ಸೇರಿದರೆ ಅದರ ಬಣ್ಣ ಬದಲಾಗುತ್ತಿತ್ತು. ತನ್ನ ಲೋಪವನ್ನು ತಾನೇ ಒಪ್ಪಿಕೊಳ್ಳುವ ಗಡಿಯಾರ! ಅಂಥ ಪ್ರಾಮಾಣಿಕತೆ ಎಲ್ಲ ಗಡಿಯಾರಕ್ಕೂ, ಎಲ್ಲ ಮಾರಾಟಗಾರನಿಗೂ ಇರುವುದಿಲ್ಲ. ಹಿಂದಿನ ಒಡೆಯ ಯಾರು, ಯಾವಾಗ ಸರ್ವಿಸ್ ಆಯಿತು, ಯಾವ ಭಾಗ ಬದಲಾಯಿತು ಎಂದು ಕೇಳಿ; ಒಳಭಾಗದ ಚಿತ್ರ ಕೇಳಿ. “ಬದಲಾಗಿದೆ” ಎಂದು ಹೇಳುವವನು, “ಏನೂ ಬದಲಾಗಿಲ್ಲ” ಎಂದು ಆಣೆ ಹಾಕುವವನಿಗಿಂತ ಮೇಲು. ಅಗ್ಗದ ಆಸೆಗೆ ಹೋಗಿ ಮುಗ್ಗಿದ ಜೋಳ ತಂದ ಎಂಬ ಗಾದೆ ಸಂತೆಯಲ್ಲಿ ಹುಟ್ಟಿದ್ದು, ಈಗಲೂ ಹಳತಾಗಿಲ್ಲ.

“ಸ್ವಾಮಿ, ಗಡಿಯಾರ ಓಡತ್ತೆ. ಆದರೆ ಇದು ಸಮುದ್ರಕ್ಕಿರಲಿ, ಮಳೆಗೂ ಆಗೋದಿಲ್ಲ” ಎಂದು ಯಜಮಾನರು ತೀರ್ಪಿತ್ತರು. ಮಿತ್ರರು ಬಹಳ ಹೊತ್ತು ಸುಮ್ಮನಿದ್ದರು. ಎರಡು ತಿಂಗಳ ಪಿಂಚಣಿ ಅದರಲ್ಲಿ ಹೋಗಿತ್ತು. ಮಾರಿದವನು ಎರಡು ದಿನ ಫೋನೆತ್ತಿದ, ಮೂರನೆಯ ದಿನದಿಂದ ಎತ್ತಲಿಲ್ಲ. ಆದರೆ ಅವರನ್ನು ಬಾಧಿಸಿದ್ದು ಹಣವಲ್ಲವೆಂದು ನನಗೆ ಗೊತ್ತಿತ್ತು. ತಿಳಿಯದೆಯೇ ಅದನ್ನು ಮಗನ ಕೈಗೆ ಕಟ್ಟಿ ಕಡಲಿಗೆ ಇಳಿಸಿಬಿಡುತ್ತಿದ್ದೆನಲ್ಲ ಎಂಬುದು.

ಗಡಿಯಾರವನ್ನು ಅವರು ಮಗನಿಗೆ ಕೊಟ್ಟೇ ಕೊಟ್ಟರು, ಕತೆಯನ್ನೆಲ್ಲ ಹೇಳಿ. ಹುಡುಗ ಜಾಣ. ಇಂದಿನ ಮುಳುಗುಗಾರರಂತೆ ಆಳವನ್ನೂ ಹೊತ್ತನ್ನೂ ತಾನೇ ಲೆಕ್ಕಹಾಕುವ ಪುಟ್ಟ ಕಂಪ್ಯೂಟರನ್ನು ಕೈಗೆ ಕಟ್ಟಿಕೊಂಡ. ಡಿಸೆಂಬರಿನಲ್ಲಿ ತಂದೆಯೂ ಅವನ ಜೊತೆ ನೇತ್ರಾಣಿಗೆ ಹೋದರು. ದೋಣಿಯ ಅಂಚಿನಿಂದ ಮಗ ಹಿಮ್ಮುಖವಾಗಿ ನೀರಿಗೆ ಉರುಳಿದಾಗ, ಅವರು ಕರವಸ್ತ್ರದಲ್ಲಿ ಸುತ್ತಿಟ್ಟಿದ್ದ ಹಳೆಯ ಗಡಿಯಾರವನ್ನು ಹೊರತೆಗೆದು ಬಳೆಯ ಸೊನ್ನೆಯನ್ನು ನಿಮಿಷದ ಮುಳ್ಳಿಗೆ ಎದುರಾಗಿ ತಿರುಗಿಸಿದರಂತೆ. ಮುಳ್ಳು ಬಳೆಯ ಮೇಲೆ ಹತ್ತು, ಇಪ್ಪತ್ತು, ಮೂವತ್ತು ದಾಟಿತು. ಮೂವತ್ತೆಂಟಕ್ಕೆ ಬಂದಾಗ ನೀರಿನ ಮೇಲೆ ಮಗನ ತಲೆ ಕಾಣಿಸಿತು.

“ಎಷ್ಟು ಹೊತ್ತಾಯ್ತಪ್ಪಾ?” ಎಂದು ಅವನು ಕೂಗಿ ಕೇಳಿದನಂತೆ. ಅವರು ಗಡಿಯಾರ ನೋಡಿ ಹೇಳಿದರು. ಹುಡುಗನ ಕಂಪ್ಯೂಟರಿನಲ್ಲೂ ಅಷ್ಟೇ ಇತ್ತು.